ಶಿರಸಿಯಲ್ಲಿದ್ದುಕೊಂಡೇ ಪೇಟೆಯ ಬದುಕನ್ನು ಚಿತ್ರಿಸಿ ಕಲಾವಿದರಾಗಿ ಬಾಳಬಹುದೇ?

ಬಾಳಬಹುದು, ಆದರೆ ಮೊದಲ ಕೆಲವು ವರ್ಷ ಹೊಟ್ಟೆಪಾಡಿಗೆ ಬೇರೆ ಕೆಲಸವೂ ಇರಲಿ. ವಸ್ತುವಿಗೆ ಬರವಿಲ್ಲ: ಅಡಿಕೆ ಮಂಡಿ, ಬಸ್ ಸ್ಟ್ಯಾಂಡು, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಜನ ನಿಂತಲ್ಲಿ ನಿಲ್ಲರು; ಸ್ಥಳದಲ್ಲಿ ಎರಡು ನಿಮಿಷದ ಪೆನ್ಸಿಲ್ ಸ್ಕೆಚ್ ಸಾಕು, ಬಣ್ಣ ಮನೆಯಲ್ಲಿ.

ಜಲವರ್ಣಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದವೇ ಬೇಕು. ತೆಳು ಕಾಗದ ಉಬ್ಬಿ, ತಗ್ಗಿನಲ್ಲಿ ನೀರು ನಿಂತು ಬಣ್ಣ ಕಲೆಕಲೆಯಾಗುತ್ತದೆ. ನಮ್ಮ ಕಡೆ ನಿಜವಾದ ಕಾಟ ಮಳೆಗಾಲದ್ದು, ಬಣ್ಣ ಬೇಗ ಒಣಗುವುದಿಲ್ಲ. ಮೊದಲ ಪದರ ಒಣಗುವ ಮುನ್ನ ಇನ್ನೊಂದು ಹಚ್ಚಿದರೆ ಕೆಳಗಿನದು ಎದ್ದು ರಾಡಿಯಾಗುತ್ತದೆ. ಹೇರ್ ಡ್ರೈಯರ್ ಇಟ್ಟುಕೊಳ್ಳಿ. ಫ್ರೇಮಿನ ಗಾಜು ಚಿತ್ರಕ್ಕೆ ತಾಗಿದರೆ ತೇವ ಸಿಕ್ಕಿ ಬೂಸ್ಟು ಹಿಡಿಯುತ್ತದೆ, ನಡುವೆ ಚಿತ್ರದ ಅಂಚಿಗೆ ದಪ್ಪ ರಟ್ಟಿನ ಮೌಂಟ್ ಹಾಕಿಸಿ (ಫ್ರೇಮಿನವರು ಕೇಳದಿದ್ದರೆ ಹಾಕುವುದಿಲ್ಲ).

ಮಾರಾಟಕ್ಕೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ ಒಳ್ಳೆಯ ಆರಂಭ. ಅಲ್ಲಿ ಚಿಕ್ಕ ಚಿತ್ರಗಳನ್ನೇ ಹೆಚ್ಚು ಒಯ್ಯಿರಿ.