ಪದಕ್ಕೊಂದು ಸೆಂಟ್

ಪ್ರಶ್ನೆ: ಅಪ್ಪನ ಟ್ರಂಕಿನಲ್ಲಿ ಹಳೇ ಪತ್ತೇದಾರಿ ಕಾದಂಬರಿಗಳ ಕಟ್ಟು ಸಿಕ್ಕಿತು ಸರ್. ಮುಟ್ಟಿದರೆ ಅಂಚು ಪುಡಿಯಾಗುತ್ತದೆ. ಮಗ ನೋಡಿ "ಇದು ಪಲ್ಪ್" ಅಂದ. ಹಾಗಂದ್ರೆ ಏನು? ಅದನ್ನು ಬರೆದವರೆಲ್ಲ ದುಡ್ಡಿಗೆ ಗೀಚಿದವರಂತೆ, ಹೌದಾ?
– ಓದುಗರು, ರಾಯಚೂರು

ಉತ್ತರ: ದುಡ್ಡಿಗೇ ಬರೆದರು. ಅದರಲ್ಲಿ ಮುಚ್ಚಿಡೋದೇನಿದೆ? ಆದರೆ ಎಲ್ಲರೂ ಗೀಚಲಿಲ್ಲ.

ಪಲ್ಪ್ ಅನ್ನೋದು ಕಾಗದದ ಹೆಸರು. ಮರವನ್ನು ಅರೆದು ಮಾಡಿದ ಅಗ್ಗದ ಕಾಗದ ಅದು. ಒಳಗಿನ ಲಿಗ್ನಿನ್ (ಮರದ ನಾರುಗಳನ್ನು ಹಿಡಿದಿಡುವ ವಸ್ತು) ಮತ್ತು ಆಮ್ಲ ಸೇರಿ ಅದನ್ನು ನಿಧಾನಕ್ಕೆ ತಿಂದು ಹಾಕುತ್ತವೆ. ಅದರ ಮೇಲೆ ನಿಮ್ಮೂರಿನ ಬಿಸಿಲು ಬೇರೆ, ಸುಟ್ಟ ಹಪ್ಪಳದ ಹಾಗೆ ಮುರಿಯದೆ ಇನ್ನೇನು ಮಾಡೀತು! ಅಮೆರಿಕದಲ್ಲಿ ಫ್ರಾಂಕ್ ಮನ್ಸಿ 1896ರಲ್ಲಿ ತನ್ನ 'ಆರ್ಗಸಿ' ಪತ್ರಿಕೆಯನ್ನು ಈ ಕಾಗದದಲ್ಲಿ ಬರೀ ಕಥೆಗಳಿಗೇ ಮೀಸಲಿಟ್ಟ. ಬೆಲೆ 10 ಸೆಂಟ್. ಅಲ್ಲಿಂದ ಆ ಥರದ ಪತ್ರಿಕೆಗಳ ಸಾಲೇ ಬಂತು, ಕಾಗದದ ಹೆಸರೇ ಅವಕ್ಕೂ ಅಂಟಿತು. ಲೇಖಕರಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಪದಕ್ಕೊಂದು ಸೆಂಟ್.

ವಾಲ್ಟರ್ ಗಿಬ್ಸನ್ ಅಂತ ಒಬ್ಬನಿದ್ದ. ಜಾದೂಗಾರ, ಹೂಡಿನಿಗೂ ಬರೆದುಕೊಟ್ಟವನು. 1931ರಲ್ಲಿ 'ದಿ ಶ್ಯಾಡೋ' ಅನ್ನೋ ಪಲ್ಪ್ ಪತ್ರಿಕೆ ಶುರುವಾದಾಗ ಮ್ಯಾಕ್ಸ್‌ವೆಲ್ ಗ್ರಾಂಟ್ ಅನ್ನೋ ಹೆಸರಲ್ಲಿ ಬರೆಯೋಕೆ ಕೂತ. ಪತ್ರಿಕೆ ತಿಂಗಳಿಗೆ ಎರಡು ಬರತೊಡಗಿದಾಗಲೂ ನಿಲ್ಲಲಿಲ್ಲ, ಒಟ್ಟು 325 ಕಾದಂಬರಿಗಳಲ್ಲಿ 282 ಅವನವೇ. ನಮ್ಮ ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರು ಐನೂರಕ್ಕೂ ಜಾಸ್ತಿ ಬರೆದರು ಅಂದಾಗ ಮೂಗು ಮುರಿಯುವವರು ಇದನ್ನೂ ಸ್ವಲ್ಪ ನೋಡಲಿ.

ಈಗ ಪತ್ತೇದಾರಿ ಲೇಖಕ ರೇಮಂಡ್ ಚಾಂಡ್ಲರ್ ಕಥೆ ಕೇಳಿ. ತೈಲ ಕಂಪನಿಯ ಕೆಲಸ 1932ರಲ್ಲಿ ಹೋಯಿತು, ವಯಸ್ಸು 44. ಎರ್ಲ್ ಸ್ಟಾನ್ಲಿ ಗಾರ್ಡ್ನರ್ ಅನ್ನೋ ಇನ್ನೊಬ್ಬ ಪಲ್ಪ್ ಲೇಖಕನ ಒಂದು ಕಥೆ ಓದಿ, ಅದರ ಸಾರಾಂಶ ಬರೆದಿಟ್ಟುಕೊಂಡು, ಆ ಸಾರಾಂಶದಿಂದ ಇಡೀ ಕಥೆಯನ್ನು ತಾನೇ ಮತ್ತೆ ಬರೆದು, ಮೂಲದ ಜೊತೆ ಇಟ್ಟು ಎಲ್ಲಿ ಸೋತೆ ಅಂತ ನೋಡುತ್ತಿದ್ದ. ಕಾಪಿ ತಿದ್ದುವ ಹುಡುಗನ ಹಾಗೆ! 1933ರಲ್ಲಿ 'ಬ್ಲ್ಯಾಕ್ ಮಾಸ್ಕ್' ಅನ್ನೋ ಪಲ್ಪ್ ಪತ್ರಿಕೆಯಲ್ಲಿ ಬಂದ ಮೊದಲ ಕಥೆಗೆ ಐದು ತಿಂಗಳು ಹಿಡಿಯಿತು. ಸಿಕ್ಕಿದ್ದು 180 ಡಾಲರ್. ಇದನ್ನು ಗೀಚಿದ್ದು ಅಂತೀರಾ?

ನನಗೆ ಜಾಸ್ತಿ ಇಷ್ಟ ಎಡ್ಗರ್ ರೈಸ್ ಬರೋಸ್. ಪೆನ್ಸಿಲ್ ಮೆಂಡರ್ ಮಾರುವ ಧಂದೆಯಲ್ಲಿದ್ದವನು. ಮಂಗಳಗ್ರಹದ ಕಥೆ ಬರೆದು, ಜನ ತಲೆ ಕೆಟ್ಟಿದೆ ಅಂದಾರು ಅಂತ 'ನಾರ್ಮಲ್ ಬೀನ್', ಅಂದರೆ ತಲೆ ನೆಟ್ಟಗಿರುವವ, ಅಂತ ಹೆಸರು ಹಾಕಿ ಕಳಿಸಿದ. ಪತ್ರಿಕೆಯವರು ತಪ್ಪಿರಬೇಕು ಅಂದುಕೊಂಡು 'ನಾರ್ಮನ್' ಅಂತ ಅಚ್ಚು ಹಾಕಿದರು! ಅದೇ ವರ್ಷ, 1912ರಲ್ಲೇ, ಅವನ ಟಾರ್ಜನ್ ಬಂದ.

ನಿಮ್ಮ ಕಟ್ಟನ್ನು ನೆರಳಲ್ಲಿಡಿ. ಹರಿದ ಕಡೆ ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ, ಅದರ ಗೋಂದು ಕಾಗದವನ್ನು ಇನ್ನೂ ಹಾಳು ಮಾಡುತ್ತದೆ.

ಪ್ರಶ್ನೆ: ಅಷ್ಟು ಓಡುತ್ತಿದ್ದ ಆ ಪಲ್ಪ್ ಪತ್ರಿಕೆಗಳು ಯಾಕೆ ನಿಂತವು?
– ಓದುಗರು, ಕೊಪ್ಪಳ

ಉತ್ತರ: ಎರಡನೇ ಮಹಾಯುದ್ಧದಲ್ಲಿ ಕಾಗದ ಸಿಗಲಿಲ್ಲ. ಆಮೇಲೆ ಕಾಮಿಕ್ಸ್, ಪೇಪರ್‌ಬ್ಯಾಕ್, ಟಿವಿ. 'ದಿ ಶ್ಯಾಡೋ' ತರುತ್ತಿದ್ದ ಪ್ರಕಾಶನ ಸಂಸ್ಥೆ 'ಸ್ಟ್ರೀಟ್ ಅಂಡ್ ಸ್ಮಿತ್' 1949ರಲ್ಲಿ ವಿಜ್ಞಾನ ಕಥೆಯ ಪತ್ರಿಕೆಯೊಂದನ್ನು ಉಳಿಸಿಕೊಂಡು ಮಿಕ್ಕ ಪಲ್ಪ್‌ಗಳಿಗೆ ಬಾಗಿಲು ಹಾಕಿತು. ಬಳ್ಳಾರಿಯಲ್ಲಿ ನಾನು ಪತ್ತೇದಾರಿ ಪುಸ್ತಕ ಬಾಡಿಗೆಗೆ ತರುತ್ತಿದ್ದ ಅಂಗಡಿಯಲ್ಲಿ ಯಾರೋ ಪುಣ್ಯಾತ್ಮ ಮೂರನೇ ಪುಟದಲ್ಲೇ ಕೊಲೆಗಾರನ ಹೆಸರು ಬರೆದಿಡುತ್ತಿದ್ದ. ಮುಂದೆ ಅದೂ ವಿಡಿಯೋ ಕ್ಯಾಸೆಟ್ ಅಂಗಡಿಯಾಯಿತು.