ಬೆಲ್ಲ ಹಾಕಿದ್ರೆ ಟೀ ಒಡೆಯುತ್ತೆ: ಪ್ರತಿಕ್ರಿಯೆ
ಬೆಳಗಿನ ತಾಜಾ ಹಾಲು ಹಾಕಿದ್ರೂ ಬೆಲ್ಲ-ಶುಂಠಿ ಟೀ ಯಾಕೆ ಒಡೆಯುತ್ತೆ ಅಂತ ಚಿಕ್ಕಮಗಳೂರಿನಿಂದ ಒಬ್ಬರು ಕೇಳಿದ್ದಾರೆ. ತಪ್ಪು ಬಹುಶಃ ಬೆಲ್ಲದ್ದು, ಹಸಿ ಶುಂಠಿಯೂ ಕೈಜೋಡಿಸಿರಬಹುದು. ಬೆಲ್ಲದಲ್ಲಿ ತುಸು ಹುಳಿ ಇರುತ್ತೆ. ಹಾಲಿನ ಜೊತೆ ಕುದಿಸಿದ್ರೆ ಒಡೆಯಬಹುದು. ಚಿಕ್ಕಮಗಳೂರಿನ ಮಳೆಗಾಲದಲ್ಲಿ ಬೆವತು ಅಂಟಂಟಾದ ಬೆಲ್ಲ ಆದ್ರಂತೂ ಕೇಳೋದೇ ಬೇಡ.

ಎರಡು ಲೋಟಕ್ಕೆ ಹೀಗೆ ಮಾಡಿ. ಒಂದು ಲೋಟ ನೀರಿಗೆ ಜಜ್ಜಿದ ಶುಂಠಿ ಹಾಕಿ 3 ನಿಮಿಷ ಚೆನ್ನಾಗಿ ಕುದಿಸಿ, ಅದರ ಹಾಲೊಡೆಯೋ ಗುಣ ಅಲ್ಲೇ ಸಾಯುತ್ತೆ. 2 ಚಮಚ ಟೀ ಪುಡಿ ಹಾಕಿ ಇನ್ನೆರಡು ನಿಮಿಷ. ಬೇರೆ ಪಾತ್ರೇಲಿ ಕಾಯಿಸಿದ ಒಂದು ಲೋಟ ಹಾಲು ಬಿಸಿಯಾಗಿಯೇ ಸೇರಿಸಿ, ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ, ಸೋಸಿ. ಬೆಲ್ಲದ ಪುಡಿ ಕೊನೆಗೆ, ಲೋಟಕ್ಕೇ. ಮತ್ತೆ ಬಿಸಿ ಮಾಡಬೇಡಿ.

ಆಗಲೂ ಒಡೆದ್ರೆ ಅದೇ ಹಾಲನ್ನ ಅರ್ಧ ಲೋಟ ಒಂಟಿಯಾಗಿ ಕುದಿಸಿ ನೋಡಿ. ಒಡೆಯಲಿಲ್ಲ ಅಂದ್ರೆ ಬೆಲ್ಲದಚ್ಚು ಬದಲಾಯಿಸಿ.