‘ಮಲೆಗಳಲ್ಲಿ ಮದುಮಗಳು’ ಓದುವಾಗ ಪಾತ್ರಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ?

ಕನ್ನಡ ಕಾದಂಬರಿ ಓದಲು ಇದರಿಂದಲೇ ಶುರು ಮಾಡ್ತೀನಿ, ಇಷ್ಟೊಂದು ಹೆಸರು ಹೇಗೆ ನೆನಪಿಟ್ಟುಕೊಳ್ಳಲಿ ಅಂತ ಕೇಳಿದ್ದೀರಿ. ನೆನಪಿಟ್ಟುಕೊಳ್ಳಬೇಡಿ. ಅದನ್ನೇ ಮಾಡಲು ಹೋಗಿ ನಾನು ಕೆಟ್ಟೆ.

ಇಂಜಿನಿಯರಿಂಗ್ ಎರಡನೇ ವರ್ಷ. ಹಾಸ್ಟೆಲ್‌ನ ಸೀನಿಯರ್ ಒಬ್ಬ ‘ಓದಿದ್ರೆ ಅದನ್ನೇ ಓದು, ಮಿಕ್ಕಿದ್ದೆಲ್ಲ ಆಮೇಲೆ’ ಅಂದಿದ್ದ. ಪುಸ್ತಕದ ದಪ್ಪ ನೋಡಿಯೇ ಸೆಮಿಸ್ಟರ್ ಪರೀಕ್ಷೆಯ ಭಯ ಬಂತು. ಹೋಗಿ ಇನ್ನೂರು ಪುಟದ ನೋಟ್‌ಬುಕ್ ತಂದೆ! ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು ಅಂತ ಊರಿಗೊಂದು ಪುಟ. ಹೆಗ್ಗಡೆ, ಗೌಡರೆಲ್ಲ ನೀಲಿ ಶಾಯಿಯಲ್ಲಿ, ಆಳುಕಾಳುಗಳು ಕೆಂಪು ಶಾಯಿಯಲ್ಲಿ. ಗುತ್ತಿಯ ನಾಯಿ ಹುಲಿಯನಿಗೆ ಪೆನ್ಸಿಲ್. ಹೊಸ ಹೆಸರು ಬಂದಾಗಲೆಲ್ಲ ಓದು ನಿಲ್ಲಿಸಿ ಬರೆಯೋದು, ಹಳೆ ಹೆಸರು ಬಂದರೆ ಹಿಂದಕ್ಕೆ ತಿರುಗಿಸಿ ಹುಡುಕೋದು. ಗುತ್ತಿ ಸಿಂಬಾವಿಯವನು, ತಿಮ್ಮಿ ಬೆಟ್ಟಳ್ಳಿಯವಳು. ಇಬ್ಬರೂ ರಾತ್ರೋರಾತ್ರಿ ಓಡಿಹೋದರೆ ನನಗೆ ಬಂದ ಚಿಂತೆ ಏನು ಗೊತ್ತಾ? ಇವಳನ್ನು ಈಗ ಯಾವ ಪುಟಕ್ಕೆ ಸೇರಿಸಲಿ ಅಂತ! ಅಲ್ಲಿಗೇ ಪುಸ್ತಕ ಮುಚ್ಚಿದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಶುರುವಿನಲ್ಲೇ ಹೇಳಿಬಿಟ್ಟಿದ್ದಾರೆ. ಅದನ್ನು ಓದಿಯೂ ನಾನು ಎರಡು ಬಣ್ಣದ ಶಾಯಿ ಹಿಡಿದು ಕೂತಿದ್ದೆ.

ಆಮೇಲೆ ಆರು ವರ್ಷ ಕನ್ನಡ ಕಾದಂಬರಿ ಮುಟ್ಟಲಿಲ್ಲ. ಒಂದು ಮದುವೆ ಛತ್ರದ ರೂಮಿನಲ್ಲಿ ಯಾರೋ ತೇಜಸ್ವಿಯವರ ‘ಕರ್ವಾಲೋ’ ಬಿಟ್ಟುಹೋಗಿದ್ದರು. ಊಟಕ್ಕೆ ಇನ್ನೂ ಎರಡು ಪಂಕ್ತಿ ಕಾಯಬೇಕಿತ್ತು, ಸುಮ್ನೆ ತೆರೆದೆ. ಜೇನಿನಿಂದ ಶುರುವಾದದ್ದು ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುವಷ್ಟರಲ್ಲಿ ಕೊನೇ ಪಂಕ್ತಿಯೂ ಎದ್ದಿತ್ತು. ಮಂದಣ್ಣ, ಪ್ಯಾರ, ಕಿವಿ ಅನ್ನೋ ನಾಯಿ, ಯಾರನ್ನೂ ಬರೆದುಕೊಳ್ಳಲಿಲ್ಲ. ಇವತ್ತಿಗೂ ಮರೆತಿಲ್ಲ.

ಹಾಗಾಗಿ ನೀವೂ ‘ಕರ್ವಾಲೋ’ದಿಂದ ಶುರು ಮಾಡಿ ಅಂತೀನಿ. ದೇವನೂರರ ‘ಕುಸುಮಬಾಲೆ’ ಕೈಗೆ ಸಿಕ್ಕರೆ ಜೋರಾಗಿ ಓದಿ. ಆ ಭಾಷೆ ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತೆ. ‘ಓದಲೇಬೇಕಾದ ಹತ್ತು’ ಅನ್ನೋ ಪಟ್ಟಿಗಳನ್ನು ಮಾತ್ರ ನಂಬಬೇಡಿ, ಅವನ್ನು ಮಾಡಿದವರೇ ಎಷ್ಟು ಓದಿರ್ತಾರೋ!

‘ಮದುಮಗಳು’ ಆಮೇಲೆ ಮೂರು ಸಲ ಓದಿದ್ದೇನೆ. ಯಾವ ಹೆಗ್ಗಡೆ ಯಾವ ಮನೆಯವರು ಅಂತ ಈಗಲೂ ತಪ್ಪು ಹೇಳ್ತೀನಿ.